ಅತ್ತೆಯ ಎರಡನೆಯ ಸೀರೆ

ಆ ನಡಿಗೆಗೆ ಹೋಗಬೇಕಾಗಿದ್ದದ್ದು ನಾನಲ್ಲ, ನನ್ನ ಗಂಡ. ಮೊಹಾವೆ ಮರುಭೂಮಿಯಲ್ಲಿ ಒಂದು ವಾರ ನಡೆಯಬೇಕೆಂಬ ಹುಚ್ಚು ಹುಟ್ಟಿದ್ದು ಅವರ ಗೆಳೆಯರ ಲಂಚ್ ಟೇಬಲ್ಲಿನಲ್ಲಿ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ವರ್ಷ ಅದು. ಇಂಟರ್ನೆಟ್ಟಿನಲ್ಲಿ ಬೆಕ್ಕಿನ ಆಟಿಕೆ ಮಾರಿ ಜಗತ್ತನ್ನೇ ಬದಲಾಯಿಸುತ್ತೇವೆಂದು ಹೊರಟಿದ್ದವರಿಗೆ ದಿಢೀರನೆ ಪುರುಸೊತ್ತು ಸಿಕ್ಕಿತ್ತು. ಪುರುಸೊತ್ತು ಸಿಕ್ಕ ಗಂಡಸರು ಮನೆಯ ಸೋರುವ ನಲ್ಲಿ ರಿಪೇರಿ ಮಾಡುತ್ತಾರೆಂದುಕೊಂಡರೆ ಅದು ನಮ್ಮದೇ ತಪ್ಪು. ನಮ್ಮವರು ಬೂಟು ಕೊಂಡರು, ಬೆನ್ನಿಗೆ ಹಾಕುವ ಆಳೆತ್ತರದ ಚೀಲ ಕೊಂಡರು, ಹಣೆಗೆ ಕಟ್ಟಿಕೊಳ್ಳುವ ದೀಪ ಕೊಂಡು ಅದನ್ನು ಕಟ್ಟಿಕೊಂಡೇ ಒಂದು ಸಂಜೆ ಟೀವಿ ನೋಡಿದರು. ಅಷ್ಟರಲ್ಲಿ, ಇನ್ನೂ ಉಸಿರಾಡುತ್ತಿದ್ದ ಅವರ ಕಂಪನಿ ಸರಿಯಾಗಿ ಅದೇ ವಾರಕ್ಕೆ ಹೊಸ ಸಾಫ್ಟ್‌ವೇರಿನ ರಿಲೀಸು ಇಟ್ಟುಕೊಂಡು ರಜೆ ರದ್ದು ಮಾಡಿತು.

ಚೀಲ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ನಿಂತುಬಿಟ್ಟಿತು. ನಾನು ದಿನಾ ಅದನ್ನು ಎಡವುತ್ತಿದ್ದೆ. ಒಂದು ದಿನ ಎಡವಿ ಬಿದ್ದ ಸಿಟ್ಟಿನಲ್ಲಿ, "ನೀವು ಹೋಗಲ್ಲ ಅಂದ್ರೆ ನಾನೇ ಹೋಗ್ತೀನಿ" ಅಂದೆ.

ಗಂಡ ನಕ್ಕರು. "ಅದು ಲೇಕ್ ಸುತ್ತ ವಾಕಿಂಗ್ ಅಲ್ಲ ಕಣೆ. ಮರುಭೂಮಿ."

"ಯಾಕೆ, ನಡೆಯೋಕೂ ಲೈಸೆನ್ಸ್ ಬೇಕೇನ್ರಿ?" ಅಂದೆ. ನಗು ನಿಂತಿತು.

ಲೈಸೆನ್ಸು ನಮ್ಮ ಮನೆಯಲ್ಲಿ ಸುಮ್ಮಸುಮ್ಮನೆ ಎತ್ತುವ ಮಾತಲ್ಲ. ಕಾರಿನ ಪರೀಕ್ಷೆಯಲ್ಲಿ ನಾನು ಒಮ್ಮೆ ರಸ್ತೆ ದಾಟುವ ಉದ್ದೇಶವೇ ಇಲ್ಲದ ಮನುಷ್ಯನಿಗಾಗಿ ಗಾಡಿ ನಿಲ್ಲಿಸಿ ಫೇಲಾದೆ, ಇನ್ನೊಮ್ಮೆ ನಿಜವಾಗಿ ದಾಟುತ್ತಿದ್ದವನಿಗೆ ನಿಲ್ಲಿಸದೆ ಫೇಲಾದೆ. ಆಮೇಲೆ ಪರೀಕ್ಷೆಗೆ ಹೋಗುವುದನ್ನೇ ಬಿಟ್ಟೆ. ಬೇ ಏರಿಯಾದಲ್ಲಿ ಕಾರು ಓಡಿಸಲು ಬಾರದವಳೆಂದರೆ ಬಟವಾಡೆಯಾಗಬೇಕಾದ ಸಾಮಾನಿದ್ದ ಹಾಗೆ. ಗ್ರೋಸರಿಗೆ ಹೋಗಲು, ಹಲ್ಲು ತೋರಿಸಲು, ಗಣಪತಿ ಹಬ್ಬಕ್ಕೆ ಯಾರದೋ ಮನೆಗೆ ಹೋಗಲು, "ಶನಿವಾರ ಫ್ರೀ ಇದೀರಾ?" ಎಂದು ಯಾರನ್ನಾದರೂ ಕೇಳಬೇಕು. ಬಂದು ಆರು ವರ್ಷವಾಗಿತ್ತು. ಅಷ್ಟೂ ವರ್ಷ ಅಮೆರಿಕವನ್ನು ನಾನು ನೋಡಿದ್ದು ಓಡಿಸುವವರ ಬಲಗಡೆಯ ಕಿಟಕಿಯಿಂದ. ಹಾಗಾಗಿ ಆ ಒಂದು ವಾರ ಯಾರ ಪಕ್ಕದ ಸೀಟಿನಲ್ಲೂ ಕೂರದೆ, ನನ್ನದೇ ಕಾಲಿನಲ್ಲಿ ಎಲ್ಲಿಂದಲೋ ಎಲ್ಲಿಗೋ ಹೋಗಿ ಮುಟ್ಟಬೇಕೆಂಬ ಆಸೆ ಒಮ್ಮೆಲೇ ಹೊಟ್ಟೆಯೊಳಗಿಂದ ಎದ್ದಿತು. ಅಂಥ ಆಸೆ ನನ್ನೊಳಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಹೊರಡುವ ದಿನ ಮಗಳು ನನ್ನ ಬೂಟಿನ ಮೇಲೆ ಕೂತು, "ಅಮ್ಮ, ಅಪ್ಪ ಸೇಸ್ ಯು ವಿಲ್ ಕಮ್ ಬ್ಯಾಕ್ ಇನ್ ದ ವ್ಯಾನ್" ಅಂದಳು.

"ಅಪ್ಪನಿಗೆ ಏನು ಗೊತ್ತು, ಬಿಡು" ಅಂದೆ. ಅಪ್ಪ ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ಜೋರು ಮಾಡಿದರು.

ವ್ಯಾನು ಎಂದರೆ ನಮ್ಮನ್ನು ಮರುಭೂಮಿಯ ಅಂಚಿಗೆ ಬಿಡಲಿದ್ದ ಗಾಡಿ. ಓಡಿಸಿದ್ದು ನಮ್ಮ ತಂಡದ ನಾಯಕರ ಹೆಂಡತಿ. ನಾಯಕರು ಡ್ಯಾನ್‌ವಿಲ್ಲಿನವರು, ಅಂದರೆ ಮೂಲತಃ ಮಂಡ್ಯದವರು. ಯಾವುದೋ ಕಂಪನಿಯಲ್ಲಿ ದೊಡ್ಡ ಮ್ಯಾನೇಜರು. ನಾಯಕರೆಂದು ಅವರನ್ನು ಯಾರೂ ಆರಿಸಿರಲಿಲ್ಲ. ಮ್ಯಾನೇಜರುಗಳನ್ನು ಯಾರು ತಾನೆ ಆರಿಸುತ್ತಾರೆ? ಇನ್ನೊಬ್ಬ ಬೆರ್ರಿಯೆಸಾದಲ್ಲಿ ಒಬ್ಬನೇ ಇದ್ದ ದೊಡ್ಡಬಳ್ಳಾಪುರದವನು. ತಲೆ ಅರ್ಧ ಬೋಳು, ಮಾತು ಪೂರ್ತಿ ಷೇರಿನದು. ಅವನ ಕಂಪನಿ ಮುಳುಗಿ ತಿಂಗಳುಗಳಾಗಿದ್ದರೂ ಕಂಪನಿ ಕೊಟ್ಟಿದ್ದ ಟೀ ಶರ್ಟುಗಳು ಮುಗಿದಿರಲಿಲ್ಲ. ಲೇ ಆಫಿನಲ್ಲಿ ತನಗೆ ಸಿಕ್ಕಿದ್ದು ಅದೊಂದೇ ಎಂದು ದಿನಕ್ಕೊಂದು ಹಾಕುತ್ತಿದ್ದ. ಇವರಿಬ್ಬರ ಮುಖವನ್ನೂ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮತ್ತೊಬ್ಬರು ಬಂದದ್ದು ನಾಯಕರ ಪ್ಲಾನಿಗೆ ವಿರುದ್ಧವಾಗಿ. ಅವರು ನಾಯಕರ ಹೆಂಡತಿಯ ತಾಯಿ, ಧಾರವಾಡದವರು, ಅರವತ್ತರ ಆಚೀಚೆ. ಮಗಳ ಮನೆಗೆ ಬಂದವರಿಗೆ ಬೆಳಿಗ್ಗೆ ನಡೆಯುವ ಅಭ್ಯಾಸ. ಡ್ಯಾನ್‌ವಿಲ್ಲಿನಲ್ಲಿ ಸೀರೆಯುಟ್ಟು ರಸ್ತೆ ಬದಿಯಲ್ಲಿ ನಡೆದರೆ ಪ್ರತಿಯೊಬ್ಬ ಪುಣ್ಯಾತ್ಮನೂ ಕಾರು ನಿಲ್ಲಿಸಿ, "ಏನಾಯಿತು, ಬಿಡಬೇಕಾ ಎಲ್ಲಾದರೂ?" ಎಂದು ಕೇಳುತ್ತಿದ್ದನಂತೆ. "ಯಾರೂ ಗಾಡಿ ನಿಂದರಸಲಾರದಂಥಾ ಜಾಗಾ ಎಲ್ಲ್ಯದನೋ ಅಲ್ಲಿಗೆ ನಾನೂ ಬರ್ತೀನಿ" ಎಂದು ಹಟ ಹಿಡಿದು ಹೊರಟಿದ್ದರು. ಅಳಿಯ "ಅತ್ತೆ, ಅತ್ತೆ" ಎನ್ನುತ್ತಿದ್ದುದನ್ನು ಕೇಳಿ ಕೇಳಿ ಅವರು ನಮಗೂ ಅತ್ತೆಯೇ ಆದರು.

ಹಿಂದಿನ ಸಂಜೆ ತಂಗಿದ್ದ ಮೋಟೆಲಿನ ಪಾರ್ಕಿಂಗ್ ಲಾಟಿನಲ್ಲಿ, ಬೆಳಗಾಗುತ್ತಿದ್ದಂತೆ, ನಾಯಕರು ಎಲ್ಲರ ಚೀಲ ಬಿಚ್ಚಿಸಿದರು. ಭಾರ ಇಳಿಸಬೇಕಂತೆ. ತಮ್ಮ ಟೂತ್‌ಬ್ರಷ್ಷಿನ ಹಿಡಿಯನ್ನೇ ಅರ್ಧಕ್ಕೆ ಕತ್ತರಿಸಿಕೊಂಡಿದ್ದ ಮನುಷ್ಯ ಅದು. ಅತ್ತೆಯ ಚೀಲದಿಂದ ಮಡಿಸಿದ ಇಳಕಲ್ ಸೀರೆಯೊಂದು ಹೊರಬಂತು.

"ಅತ್ತೆ, ಉಟ್ಟಿರೋದು ಒಂದಿದೆಯಲ್ಲ. ಎರಡನೇದು ಯಾಕೆ? ಪ್ರತಿ ಔನ್ಸೂ ಲೆಕ್ಕ."

"ಮನಿ ಬಿಟ್ಟು ಹೊಂಟಾಕಿ ಒಂದ ಸೀರಿ ಮ್ಯಾಲ ಹೊಂಡತಾಳೇನ್ರಿ ಅಳಿಯಂದ್ರ? ನೀವು ನಿಮ್ಮ ಬ್ರಷ್ ಕತ್ತರಿಸ್ಕೋರಿ. ನನ್ನ ಸೀರಿ ತಂಟೇಕ ಬರಬ್ಯಾಡ್ರಿ."

ಅಳಿಯಂದಿರು ಸೀರೆಯನ್ನು ಎರಡು ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಆಮೇಲೆ ಭಾಷಣ. ನಾಯಕರು ನಡಿಗೆಯನ್ನೂ ಪ್ರಾಜೆಕ್ಟಿನಂತೆ ನಡೆಸುವವರು. ಗಂಟೆಗೊಂದು ಸ್ಟೇಟಸ್ ಮೀಟಿಂಗು. ಪ್ರತಿಯೊಬ್ಬರೂ ಗ್ರೀನ್, ಯೆಲ್ಲೋ, ರೆಡ್ ಎಂದು ತಮ್ಮ ಸ್ಥಿತಿ ವರದಿ ಮಾಡಬೇಕು. "ನಾಳೆ ಬೆಳಿಗ್ಗೆ ನಮ್ಮ ಮೊದಲ್ನೇ ಕ್ಯಾಂಪ್ ಹತ್ರ ಮಣ್ಣಿನ ರೋಡಿಗೆ ವ್ಯಾನು ಬರುತ್ತೆ. ನೀರು, ದಿನಸಿ ಇಳಿಸುತ್ತೆ. ರೆಡ್ ಇರೋರನ್ನ ಹತ್ತಿಸ್ಕೊಂಡು ವಾಪಸ್ ಹೋಗುತ್ತೆ. ಅಲ್ಲಿಂದಾಚೆ ನೀರಿನ ಒರತೆ ಇದೆ, ಆದ್ರೆ ಕೊನೇ ದಿನದವರೆಗೂ ರೋಡಿಲ್ಲ, ಅದಕ್ಕೇ ಈ ವಿಷ್ಯದಲ್ಲಿ ನೋ ಡಿಸ್ಕಷನ್" ಅಂದರು. ನನ್ನ ಕಡೆ ನೋಡಿಯೇ ಅಂದರೆಂದು ನನಗನ್ನಿಸಿತು. "ಮೇನ್ ರಿಸ್ಕು ಡೀಹೈಡ್ರೇಷನ್. ಅದಕ್ಕೇ ಎಲ್ರೂ ನೀರು ಕುಡೀತಾ ಇರ್ಬೇಕು. ಆಮೇಲೆ... ಅದರ... ಬಣ್ಣ ನೋಡ್ಕೋತಾ ಇರ್ಬೇಕು."

"ಯಾವುದರ ಬಣ್ಣಾ?" ಅತ್ತೆ ಕೇಳಿದರು.

ನಾಯಕರ ಕಿವಿ ಕೆಂಪಾಯಿತು. "ಅದೊಂದು ಹೆಲ್ತ್ ಇಂಡಿಕೇಟರ್, ಅತ್ತೆ."

ನೀರಿಗಾಗಿ ಅವರು ಎಲ್ಲರಿಗೂ ಒಂದೊಂದು ರಬ್ಬರಿನ ಚೀಲ ತಂದಿದ್ದರು. ಅದು ಬೆನ್ನ ಮೇಲಿರುತ್ತದೆ, ಅದರಿಂದ ಒಂದು ನಳಿಗೆ ಹೆಗಲ ಮೇಲಿಂದ ಬಾಯಿಯವರೆಗೆ ಬರುತ್ತದೆ, ನಡೆಯುತ್ತಲೇ ಹೀರಬಹುದು. ಅತ್ತೆ ಅದನ್ನು ಎತ್ತಿ ನೋಡಿ ಕೆಳಗಿಟ್ಟರು. ಒಂದು ಸಲ ಬಾಯಿ ಹಚ್ಚಿದರೆ ಇಡೀ ಚೀಲದ ನೀರು ಎಂಜಲು. ಎಂಜಲು ನೀರಿನಲ್ಲಿ ರಾತ್ರಿ ಅನ್ನ ಬೇಯಿಸುತ್ತೀರಾ? ಈ ಪ್ರಶ್ನೆ ನಾಯಕರ ಪ್ಲಾನಿನಲ್ಲಿ ಇರಲಿಲ್ಲ. ಇತರ ದೇಶಗಳ ಜನ ಮರುಭೂಮಿಯಲ್ಲಿ ಒಣ ಬಿಸ್ಕತ್ತು ತಿಂದು ಮಲಗುತ್ತಾರಂತೆ. ನಾವು ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಪುಟ್ಟ ಸ್ಟೋವು ಹೊತ್ತು ಹೊರಟಿದ್ದೆವು. ಕೊನೆಗೆ ಅಡುಗೆಯ ನೀರೆಂದು ಬೇರೆಯೇ ಒಂದು ಕ್ಯಾನು ತುಂಬಿಸಿ, ಅದಕ್ಕೆ ಯಾರೂ ಬಾಯಿ ಹಚ್ಚಕೂಡದೆಂದು ತೀರ್ಮಾನವಾಯಿತು. ಹೊರುವ ಕೆಲಸ ಬೆರ್ರಿಯೆಸಾದವನಿಗೆ. ಅತ್ತೆ ತಮ್ಮ ತಂಬಿಗೆಗೆ ಅದರಿಂದಲೇ ನೀರು ಬಗ್ಗಿಸಿಕೊಂಡು ಎತ್ತಿ ಕುಡಿಯುವುದೆಂದೂ ಆಯಿತು.

ನಡೆದೆವು. ಮರುಭೂಮಿಯೆಂದರೆ ಮರಳಿನ ದಿಣ್ಣೆ, ಒಂಟೆ ಎಂದೆಲ್ಲ ಅಂದುಕೊಂಡಿದ್ದೆ. ಇಲ್ಲಿ ಕಂಡಿದ್ದು ಜಲ್ಲಿಕಲ್ಲು, ಮೊಣಕಾಲೆತ್ತರದ ಕುರುಚಲು, ದೂರದಲ್ಲಿ ಒಂದು ಬೆಟ್ಟದ ಸಾಲು. ಎಷ್ಟು ನಡೆದರೂ ಆ ಸಾಲು ಅಷ್ಟೇ ದೂರದಲ್ಲಿ ಕೂತಿರುತ್ತಿತ್ತು. ಬಿಸಿಲು ಇನ್ನೂ ಹಿತವಾಗಿತ್ತು, ಗಾಳಿ ಮಾತ್ರ ಒಂದೇ ಸಮನೆ ಬೀಸುತ್ತಿತ್ತು. ಅತ್ತೆ ಕಚ್ಚೆ ಹಾಕದೆ, ಸಾದಾ ಉಟ್ಟ ಸೀರೆಯನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿ, ಬೂಟು ಹಾಕಿ ಸರಸರ ನಡೆದರು. ಆಗಾಗ ನಿಂತು ತಂಬಿಗೆ ಎತ್ತಿ ಗಟಗಟ ಬಾಯಿಗೆ ಬಿಟ್ಟುಕೊಳ್ಳುವರು. ಗಾಳಿಗೆ ಅರ್ಧ ನೀರು ಅವರ ಬಾಯಿಗೆ, ಇನ್ನರ್ಧ ಪಕ್ಕದಲ್ಲಿದ್ದವರ ಮುಖಕ್ಕೆ. ಆಮೇಲೆ ಮತ್ತೆ ಕ್ಯಾನಿನಿಂದ ತಂಬಿಗೆ ತುಂಬುವುದು.

ಇನ್ನೊಂದು ವಿಚಿತ್ರವಿತ್ತು. ಅಲ್ಲೊಮ್ಮೆ ಇಲ್ಲೊಮ್ಮೆ ಅತ್ತೆ ದಾರಿ ಬಿಟ್ಟು ನಾಲ್ಕು ಮಾರು ಆಚೆ ಹೋಗಿ, ಬಯಲಲ್ಲೇ ಕುಕ್ಕರಗಾಲಲ್ಲಿ ಕೂತು, ಸೀರೆಯ ನೆರಿಗೆ ಸುತ್ತ ಹರಡಿಕೊಂಡು, ಬೆಟ್ಟ ನೋಡುತ್ತ ಮೌನವಾಗಿಬಿಡುತ್ತಿದ್ದರು. ಮುಖದಲ್ಲಿ ಅಪಾರ ಶಾಂತಿ. ನಾಯಕರು ಕೈ ಮುಗಿಯುವುದೊಂದು ಬಾಕಿ. "ಅತ್ತೇದು ಧ್ಯಾನ. ಡಿಸ್ಟರ್ಬ್ ಮಾಡ್ಬೇಡಿ" ಎಂದು ಪಿಸುಗುಟ್ಟಿ, ಎಲ್ಲರನ್ನೂ ನಿಲ್ಲಿಸಿ ಕಾಯುತ್ತಿದ್ದರು.

ನಾನು ಮಾತ್ರ ನೀರು ಕುಡಿಯಲಿಲ್ಲ.

ಇದಕ್ಕೆ ಕಾರಣ ಹೇಳಲೇಬೇಕು. ಹಾಸನದ ನನ್ನ ತವರಿನಲ್ಲಿ ಹೆಂಗಸರು ಪ್ರಯಾಣದ ದಿನ ನೀರು ಮುಟ್ಟುವುದಿಲ್ಲ. ಬಸ್ಸು ಘಾಟಿಯಲ್ಲಿ ನಿಂತರೆ ಗಂಡಸರು ಇಳಿದು ಸಾಲಾಗಿ ಪ್ರಕೃತಿಗೆ ಮುಖ ಮಾಡಿ ನಿಲ್ಲುವರು. ಹೆಂಗಸರು ಮೊಣಕಾಲು ಜೋಡಿಸಿ ಒಳಗೇ ಕೂತಿರುವರು. ಅಮ್ಮ ಹಿಂದಿನ ದಿನ ಸಂಜೆಯಿಂದಲೇ ಚೊಂಬು ಎತ್ತಿಡುತ್ತಿದ್ದಳು. ಅದು ನನ್ನ ಮೈಯಲ್ಲೇ ಕೂತುಬಿಟ್ಟಿದೆ. ಬೆಳಿಗ್ಗೆ ಆ ಬಯಲನ್ನು ನೋಡಿದ ಕೂಡಲೇ ನನ್ನ ಗಂಟಲು ತಾನಾಗಿ ಬೀಗ ಹಾಕಿಕೊಂಡಿತು. ಮರವಿಲ್ಲ, ಬಂಡೆಯಿಲ್ಲ, ಒಂದು ಮೋಟುಗೋಡೆಯೂ ಇಲ್ಲ. ಇಬ್ಬರು ಹೊಸ ಗಂಡಸರು. ಮೇಲೆ ನಾನು ಹಾಕಿದ್ದು ಪ್ಯಾಂಟು. ಕುಡಿದದ್ದನ್ನು ಆಮೇಲೆ ಎಲ್ಲಿ ಇಳಿಸುವುದು? ಹಾಗಾಗಿ ನಳಿಗೆಯನ್ನು ಕೈಯಲ್ಲಿ ಹಿಡಿದು, ಟೋಪಿ ತಗ್ಗಿಸಿ, ಕುಡಿದವಳಂತೆ ನಟಿಸಿದೆ. ಬಾಯಿಗೆ ತಾಗಿಸಲೂ ಇಲ್ಲ. ಸ್ಟೇಟಸ್ ಮೀಟಿಂಗಿನಲ್ಲಿ ಪ್ರತಿಸಲವೂ "ಗ್ರೀನ್" ಅಂದೆ. ಹಾಗೆ ನೋಡಿದರೆ ಆ ವರ್ಷ ಎಲ್ಲ ಕಂಪನಿಗಳೂ ಮುಳುಗುವ ಹಿಂದಿನ ದಿನದವರೆಗೂ ಗ್ರೀನೇ ಇದ್ದವು.

ಮಧ್ಯಾಹ್ನ ಒಂದು ಕಲ್ಲುಹಾಸಿನ ಪಕ್ಕ ಊಟಕ್ಕೆ ಕೂತೆವು. ಅತ್ತೆ ಮಗಳ ಮನೆಯಿಂದಲೇ ಕಟ್ಟಿ ತಂದಿದ್ದ ಬುತ್ತಿ: ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ. ಕೈಯಲ್ಲಿ ಕಲಸಿ ತಿಂದ ಮೇಲೆ ಕೈ ತೊಳೆಯಬೇಕಲ್ಲ. ಬೆರ್ರಿಯೆಸಾದವನು ಕ್ಯಾನು ಬಗ್ಗಿಸಿ ಮೊದಲು ಹಿರಿಯರೆಂದು ಅತ್ತೆಯ ಕೈಗೆ ಹಾಕಿದ. ಅತ್ತೆ ಬಾಯಿ ಮುಕ್ಕಳಿಸಿ, "ಬಾರವಾ ತಂಗಿ, ನಿನಗ ಹಾಕ್ತೀನಿ" ಎಂದು ನನ್ನ ಕೈಗೆ ಹಾಕಿದರು. ನಾನು ನಾಯಕರ ಕೈಗೆ ಹಾಕಿದೆ. ಅವರು "ಸಾಕು ಸಾಕು" ಎನ್ನುತ್ತ ಮೊಣಕೈವರೆಗೆ ತೊಳೆದರು. ನಾಯಕರು ಬೆರ್ರಿಯೆಸಾದವನಿಗೆ ಹಾಕಿದರು. ಉಪಚಾರದಲ್ಲಿ ಯಾರೂ ಯಾರಿಗೂ ಕಡಿಮೆ ಬೀಳಲಿಲ್ಲ. ತಟ್ಟೆ ತೊಳೆದದ್ದಾಯಿತು, ಡಬ್ಬಿ ತೊಳೆದದ್ದಾಯಿತು. ಕೊನೆಗೆ ಅತ್ತೆ ಉಂಡ ಜಾಗ ಎಂಜಲೆಂದು ಅಷ್ಟು ನೀರು ಚಿಮುಕಿಸಿ, ಅಂಗೈಯಿಂದ ನೆಲ ಸಾರಿಸಿದರು. ಮೊಹಾವೆ ಮರುಭೂಮಿಯನ್ನು ಸಾರಿಸಿ ಶುದ್ಧ ಮಾಡಿದ ಹೆಂಗಸು ಚರಿತ್ರೆಯಲ್ಲಿ ಅವರೊಬ್ಬರೇ ಇರಬೇಕು. ನಾಲ್ವರಲ್ಲಿ ಒಬ್ಬರಿಗೂ ಇದರಲ್ಲಿ ಏನೋ ತಪ್ಪಿದೆ ಎನ್ನಿಸಲಿಲ್ಲ.

ಮಧ್ಯಾಹ್ನದ ಮೇಲೆ ನನ್ನ ತಲೆ ಸಿಡಿಯತೊಡಗಿತು. ಕಣ್ಣೆದುರು ಕುರುಚಲು ಗಿಡಗಳು ಎರಡೆರಡಾದವು. ನಾಲಿಗೆ ಹಪ್ಪಳದಂತಾಗಿತ್ತು. ಹೊಟ್ಟೆಯ ಕೆಳಗೆ ಬೇರೆ ಬೆಳಗಿನ ಕಾಫಿ ಕೂತು ಜೀವ ತಿನ್ನುತ್ತಿತ್ತು. "ಸ್ಟೇಟಸ್?" ಅಂದರು ನಾಯಕರು. "ಗ್ರೀನ್" ಅಂದೆ. ವ್ಯಾನಿನ ಬಲಗಡೆಯ ಸೀಟು ಕಣ್ಣಿಗೆ ಕಟ್ಟಿತ್ತು. ಅದರಲ್ಲಿ ಕೂತು ಮನೆಗೆ ಹೋದರೆ ಗಂಡ ಏನೂ ಅನ್ನುತ್ತಿರಲಿಲ್ಲ, "ಪರ್ವಾಗಿಲ್ಲ ಬಿಡು" ಅನ್ನುತ್ತಿದ್ದರು. ನನಗೆ ಬೇಡವಾಗಿದ್ದದ್ದು ಆ ಪರವಾಗಿಲ್ಲವೇ.

ಹೊತ್ತು ಇಳಿಯುವ ಮುಂಚೆ ಬಿಡಾರದ ಜಾಗ ಮುಟ್ಟಿದೆವು. ಪಕ್ಕದಲ್ಲೇ ಮಣ್ಣಿನ ರಸ್ತೆ. ಅತ್ತೆ ಅಕ್ಕಿ ಅಳೆದು ಪಾತ್ರೆಗೆ ಹಾಕಿ, "ನೀರ ಕೊಡಪಾ" ಅಂದರು. ಬೆರ್ರಿಯೆಸಾದವನು ಕ್ಯಾನು ಬಗ್ಗಿಸಿದ. ಎರಡು ಹನಿ ಬಿತ್ತು.

ನಾಯಕರ ಮ್ಯಾನೇಜರಿಕೆ ಅಲ್ಲೇ ಕಳಚಿ, ಒಳಗಿದ್ದ ಮಂಡ್ಯ ಹೊರಗೆ ಬಂತು. "ನೀರ್ ಏನಾಯ್ತ್‌ಲಾ? ಬೆಳಗಿಂದ ನೀನೇ ತಾನೆ ಹೊತ್ತಿದ್ದು? ಖಾಲಿ ಆಗಿದ್ದು ಗೊತ್ತಾಗ್ಲಿಲ್ವೇನ್ಲಾ?"

"ಊಟ ಆದ್ಮೇಲೆ ಹಗುರ ಆಯ್ತು ಸಾರ್" ಅಂದ ಅವನು. "ನಾನು ಸ್ಟ್ರಾಂಗ್ ಆಗ್ತಾ ಇದೀನಿ ಅಂತ ಅಂದ್ಕೊಂಡೆ."

ನಾಯಕರು ಉಸಿರು ಎಳೆದುಕೊಂಡು ಮತ್ತೆ ಮ್ಯಾನೇಜರಾದರು. ಕುಡಿಯುವ ನೀರಿಗೆ ತೊಂದರೆಯಿಲ್ಲ, ಮೂವರ ಬೆನ್ನ ಚೀಲದಲ್ಲೂ ಬೆಳಗಿನವರೆಗೆ ಸಾಕಾಗುವಷ್ಟಿದೆ, ಯಾರಾದರೂ ಒಬ್ಬರು ಅಡುಗೆಗೆ ಕೊಡಿ, ಕುದಿಸಿದ ಮೇಲೆ ಎಂಜಲೇನು, ಎಲ್ಲ ಬ್ಯಾಕ್ಟೀರಿಯಾ ಸಾಯುತ್ತೆ ಎಂದರು. ಅತ್ತೆ ಅಕ್ಕಿ ಪಾತ್ರೆಯ ಮೇಲೆ ಮುಚ್ಚಳ ಮುಚ್ಚಿ, "ನಂಗ ಹಸಿವಿಲ್ಲ. ನೀವು ಉಣ್ಣರಿ" ಅಂದರು. "ನಾನು ಅದನ್ನೆಲ್ಲ ನಂಬಲ್ಲ ಸಾರ್, ಆದ್ರೂ ನಿಮ್ಮ ನೀರಲ್ಲಿ ಅಂದ್ರೆ..." ಎಂದು ಬೆರ್ರಿಯೆಸಾದವನು ರಾಗ ಎಳೆದ. "ಹಾಗಾದ್ರೆ ನಿಂದೇ ಕೊಡು" ಅಂದರು ನಾಯಕರು. ಅವನು ದಿನವಿಡೀ ಮಗುವಿನಂತೆ ಚೀಪಿದ್ದ ನಳಿಗೆಯನ್ನು ಮುಂದೆ ಚಾಚಿದ. ಅದರ ತುದಿಯನ್ನು ಒಮ್ಮೆ ನೋಡಿದ ನಾಯಕರಿಗೆ ತಮಗೂ ಅಷ್ಟೇನು ಹಸಿವಿಲ್ಲವೆಂದು ನೆನಪಾಯಿತು. ಕಂಪ್ಯೂಟರುಗಳಿಗೆ ಮಾತಾಡಲು ಕಲಿಸಿದ ಊರಿನಿಂದ ಬಂದ ಜನ, ಒಂದು ಪಾತ್ರೆ ಅಕ್ಕಿಯ ಸುತ್ತ ಸಪ್ಪೆ ಮುಖ ಹಾಕಿಕೊಂಡು ಕೂತೆವು.

"ಬಾಯಿ ಹಚ್ಚಲಾರದ ನೀರು ಯಾರ ಹತ್ರಾದ್ರೂ ಐತೇನು?" ಎಂದು ಅತ್ತೆ ಕೊನೆಯದಾಗಿ, ಆಸೆಯಿಲ್ಲದೆಯೇ ಕೇಳಿದರು.

ನನಗೆ ಹಸಿವೋ ಹಸಿವು. ತಲೆನೋವಿನಲ್ಲಿ ಬುದ್ಧಿ ಕೆಲಸ ಮಾಡುತ್ತಿರಲಿಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ, "ನಂದಿದೆ! ನಾನು ಬಾಯಿಗೆ ತಾಗಿಸೇ ಇಲ್ಲ!" ಅಂದುಬಿಟ್ಟೆ.

ಅತ್ತೆಯ ಮುಖ ಅರಳಿತು. ಬೆರ್ರಿಯೆಸಾದವನು ಚಪ್ಪಾಳೆ ತಟ್ಟಿದ. ನಾಯಕರು ನನ್ನ ಚೀಲದಿಂದ ರಬ್ಬರಿನ ಚೀಲವನ್ನು ಹೊರತೆಗೆದು ಎತ್ತಿ ಹಿಡಿದರು. ಅದು ಬೆಳಿಗ್ಗೆ ತುಂಬಿಸಿಕೊಟ್ಟಾಗ ಹೇಗಿತ್ತೋ ಹಾಗೇ, ಈದ ಹಸುವಿನ ಕೆಚ್ಚಲಿನಂತೆ ತುಂಬಿಕೊಂಡಿತ್ತು. ಅವರು ಅದನ್ನು ನೋಡಿದರು. ನನ್ನ ಒಡೆದ ತುಟಿ ನೋಡಿದರು.

"ಬೆಳಗಿಂದ ಒಂದು ಸಿಪ್ಪೂ ಕುಡ್ದಿಲ್ವಾ?"

ನಾನು ಟೋಪಿ ತಗ್ಗಿಸಿದೆ.

"ಬೆಳಗಿಂದ... ಅದಕ್ಕೂ ಹೋಗಿಲ್ವಾ?"

ಟೋಪಿ ಇನ್ನೂ ತಗ್ಗಿಸಿದೆ.

"ಸಾರಿ ಮೇಡಂ. ಇದು ರೆಡ್. ಮುಂದೆ ರೋಡಿಲ್ಲ, ನಿಮಗೆ ಏನಾದ್ರೂ ಆದ್ರೆ ನಿಮ್ಮ ಹಸ್ಬೆಂಡಿಗೆ ನಾನೇನು ಹೇಳ್ಲಿ? ಬೆಳಿಗ್ಗೆ ನೀವು ವ್ಯಾನ್ ಹತ್ತಿ."

ಕಣ್ಣಲ್ಲಿ ನೀರು ಬಂತು. ಅಷ್ಟು ಒಣಗಿದ್ದ ಮೈಯಲ್ಲಿ ಅದಕ್ಕೆ ಮಾತ್ರ ನೀರು ಎಲ್ಲಿತ್ತೋ. ಅಳುವುದಕ್ಕಿಂತ ಬೈಯುವುದು ಸುಲಭ ನನಗೆ. ಹೊಸಬರೆಂಬ ಸಂಕೋಚವೆಲ್ಲ ಹಾರಿಹೋಯಿತು.

"ಎಲ್ಲಿಗೆ ಹೋಗ್ಲಿ ಸಾರ್ ನಾನು? ನೀವು ಎಲ್ಲದಕ್ಕೂ ಪ್ಲಾನ್ ಮಾಡಿದ್ರಲ್ಲ, ಬ್ರಷ್ ಹಿಡಿಗೂ ಪ್ಲಾನ್ ಮಾಡಿದ್ರಲ್ಲ, ಇಲ್ಲಿ ಒಂದೇ ಒಂದು ಮರ ತೋರ್ಸಿ. ಒಂದು ಗೋಡೆ ತೋರ್ಸಿ! ನಿಮಗೇನು, ಆ ಕಡೆ ತಿರುಗಿ ನಿಂತ್ರೆ ಆಯ್ತು. ನಾನು ಈ ಪ್ಯಾಂಟ್ ಹಾಕ್ಕೊಂಡು ಯಾವ ಗಿಡದ ಹಿಂದೆ ಕೂರ್ಲಿ? ಆ ಗಿಡ ನನ್ನ ಮೊಣಕಾಲಿಗೂ ಬರಲ್ಲ!"

ನಾಯಕರು ನಿಜವಾಗಿಯೂ ಸುತ್ತ ನೋಡಿದರು. ನಾಲ್ಕು ದಿಕ್ಕಿಗೂ ತಿರುಗಿ, ಹುಬ್ಬಿಗೆ ಕೈ ಅಡ್ಡ ಹಿಡಿದು, ಒಂದು ಮರ ಹುಡುಕಿದರು. ಸಿಗಲಿಲ್ಲ. ಅವರ ಮುಖ ನೋಡಿದರೆ, ಪಾಪ, ಈ ವಿಷಯ ಅವರಿಗೆ ಆ ಕ್ಷಣದವರೆಗೂ ಹೊಳೆದೇ ಇರಲಿಲ್ಲವೆಂದು ಗೊತ್ತಾಗುತ್ತಿತ್ತು. "ಮತ್ತೆ ಅತ್ತೆ...?" ಎಂದು ತೊದಲಿದರು.

ಅತ್ತೆ ನಗಲು ಶುರುಮಾಡಿದರು. ನೆಲಕ್ಕೆ ಕೈ ಊರಿ ನಕ್ಕರು. "ಅಳಿಯಂದ್ರ, ಮುಂಜಾನಿಂದ ನಾ ಎಷ್ಟ ಸಲ ಹೋದೆ, ಕಾಣಲಿಲ್ಲೇನು? ನೀವ ಎಲ್ಲಾರ್ನೂ ನಿಲ್ಲಿಸಿ ಕಾಯ್ದ್ರೆಲ್ಲ!"

ಧ್ಯಾನ! ನಾಯಕರು ಹಣೆ ಮುಟ್ಟಿಕೊಂಡರು. ಬೆಳಗಿನಿಂದ ಅವರು ಭಕ್ತಿಯಿಂದ ತಲೆ ತಗ್ಗಿಸಿ ನಿಂತದ್ದು ಅದಕ್ಕೆ!

"ಸೀರಿ ಉಟ್ಟಾಕಿಗೆ ಗಿಡಾ, ಗ್ವಾಡಿ ಎದಕ ಬೇಕು? ಕೂತ್ರ ಅದ ಖೋಲಿ, ಅದ ಬಾಗಲಾ" ಎಂದು ಕಣ್ಣೊರೆಸಿಕೊಳ್ಳುತ್ತ ಅತ್ತೆ ನನ್ನ ಕಡೆ ತಿರುಗಿದರು. "ಹುಚ್ಚಿ. ನನಗರ ಹೇಳಬಾರದಾಗಿತ್ತೇನು? ಜೀವಾ ಒಣಗಿಸ್ಕೊಂಡು ಕೂತೀಯಲ್ಲ." ಆಮೇಲೆ ತಮ್ಮ ಚೀಲಕ್ಕೆ ಕೈ ಹಾಕಿ, ಮೋಟೆಲಿನಲ್ಲಿ ಜಗಳವಾಡಿ ಉಳಿಸಿಕೊಂಡಿದ್ದ ಎರಡನೆಯ ಸೀರೆಯನ್ನು ಹೊರಗೆಳೆದು ಝಾಡಿಸಿದರು. ಗಾಳಿಗೆ ಅದು ಉದ್ದಕ್ಕೂ ಬಿಚ್ಚಿಕೊಂಡಿತು. ದಾಳಿಂಬೆ ಬಣ್ಣದ ಒಡಲು, ಬಿಳಿ ಕೆಂಪು ಸೆರಗು. ಆ ಬೂದು ಬಯಲಿನಲ್ಲಿ ಇಡೀ ದಿನ ಕಂಡ ಮೊದಲ ಬಣ್ಣ ಅದೇ. ಒಂದು ತುದಿಯನ್ನು ಅಳಿಯನ ಕೈಗೆ ಕೊಟ್ಟರು, ಇನ್ನೊಂದನ್ನು ಬೆರ್ರಿಯೆಸಾದವನ ಕೈಗೆ. "ಕೈ ಮ್ಯಾಲೆತ್ತಿ ಹಿಡೀರಿ. ಆ ಕಡೆ ಮಾರಿ ಮಾಡ್ರಿ. ಹಿಂದ ತಿರಗಿದ್ರ ನೋಡ್ರಿ ಮತ್ತ!"

ಇಬ್ಬರೂ ಹಾಗೆಯೇ ಮಾಡಿದರು. ನನಗೆ ಬೆನ್ನು ಹಾಕಿ, ಕೈ ಎತ್ತಿ, ಮದುವೆಯಲ್ಲಿ ಅಂತರಪಟ ಹಿಡಿದವರಂತೆ ನಿಂತರು. ನಾನು ಸೀರೆಯ ಈಚೆ ಬಂದೆ. ಬಂದದ್ದೇನೋ ಬಂದೆ, ಆದರೆ ಅಷ್ಟರಲ್ಲಿ ಗಾಳಿ ನಿಂತಿತ್ತು, ಗಾಳಿ ನಿಂತರೆ ಮರುಭೂಮಿ ಎಂಥ ನಿಶ್ಶಬ್ದದ ಜಾಗವೆಂದರೆ ಗೆದ್ದಲು ನಡೆದರೂ ಕೇಳಬೇಕು. ಅದು ಅವರಿಗೂ ಹೊಳೆದಿರಬೇಕು. ನಾಯಕರು ಗಂಟಲು ಸರಿಮಾಡಿಕೊಂಡು, ಇದ್ದಕ್ಕಿದ್ದಂತೆ ಕೂಗುವ ದನಿಯಲ್ಲಿ, "ಏನಪ್ಪಾ, ನ್ಯಾಸ್ಡ್ಯಾಕ್ ಮತ್ತೆ ಮೇಲೇಳುತ್ತೆ ಅಂತೀಯಾ?" ಎಂದರು. "ಏಳ್ದೇ ಎಲ್ಲಿಗೆ ಹೋಗುತ್ತೆ ಸಾರ್!" ಎಂದು ಅವನು ಅದಕ್ಕಿಂತ ಜೋರಾಗಿ ಕಿರುಚಿದ. "ನಮ್ಮ ಕಂಪನಿ ಫಂಡಮೆಂಟಲ್ಸ್ ಚೆನ್ನಾಗಿತ್ತು ಸಾರ್!" "ಎಲ್ಲಾದ್ರದ್ದೂ ಚೆನ್ನಾಗಿತ್ತಪ್ಪಾ!" ಹೀಗೆ ಇಬ್ಬರೂ ದಿಗಂತದ ಕಡೆ ಮುಖ ಮಾಡಿ, ಇಳಕಲ್ ಸೀರೆ ಹಿಡಿದು, ಷೇರು ಮಾರುಕಟ್ಟೆಯ ಬಗ್ಗೆ ಅರಚಿಕೊಳ್ಳುತ್ತಿದ್ದರೆ, ನಾನು ಸೀರೆಯ ಈಚೆ ನೆಮ್ಮದಿಯಿಂದ ಕೂತೆ. ಆ ವರ್ಷ ಷೇರು ಮಾರುಕಟ್ಟೆಯಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ನನಗೊಬ್ಬಳಿಗೇ.

ಎದ್ದು ಬಂದಾಗ ನನಗೆ ಅವರಿಬ್ಬರ ಮೇಲೂ ಎಷ್ಟು ಪ್ರೀತಿ ಬಂತೆಂದರೆ ಹೇಳಲಾರೆ. ಬೆಳಿಗ್ಗೆ ಹೆಸರು ಸರಿಯಾಗಿ ಗೊತ್ತಿಲ್ಲದಿದ್ದ ಜನ.

ನಾಯಕರು ಇನ್ನೂ ಬೆನ್ನು ಹಾಕಿಯೇ, ಮೆಲ್ಲಗೆ, "ಸ್ಟೇಟಸ್?" ಅಂದರು.

ಈ ಸಲ ನಿಜ ಹೇಳಿದೆ. "ಯೆಲ್ಲೋ. ತುಂಬಾ ಯೆಲ್ಲೋ."

"ಬೆಳಿಗ್ಗೆ ವ್ಯಾನ್ ಬರೋವಷ್ಟರಲ್ಲಿ ಗ್ರೀನ್ ಆಗ್ಬೇಕು. ಕುಡೀರಿ. ಎಷ್ಟು ಸಲ ಬೇಕಾದ್ರೂ ಕರೀರಿ, ನಾವು ಹಿಡೀತೀವಿ." ಕೈಯಲ್ಲಿದ್ದ ಸೀರೆಯ ತುದಿ ಮಡಿಸುತ್ತ, "ಇದು ನನ್ನ ಪ್ಲಾನಲ್ಲಿ ಇರ್ಬೇಕಾಗಿತ್ತು" ಅಂದರು.

ಅತ್ತೆ ನನ್ನ ಚೀಲದ ಬಾಯಿ ಬಿಚ್ಚಿ, ಅಕ್ಕಿಗೆ, ಬೇಳೆಗೆ, ತಮ್ಮ ತಂಬಿಗೆಗೆ ಬೇಕಾದಷ್ಟು ಬಗ್ಗಿಸಿಕೊಂಡು, ಉಳಿದದ್ದನ್ನು ನನ್ನ ಕೈಗೆ ಕೊಟ್ಟರು. ಹೊತ್ತು ಮುಳುಗುವ ಹೊತ್ತಿಗೆ ಅನ್ನ, ಸಾರು ಆಯಿತು. ಊಟವಾದ ಮೇಲೆ ಎಲ್ಲರೂ ಕೈಯನ್ನು ಮಣ್ಣಿನಲ್ಲಿ ಉಜ್ಜಿಕೊಂಡೆವು. ಅತ್ತೆ ಕೂಡ, ಮುಖ ಸಿಂಡರಿಸಿಕೊಂಡು, ಉಜ್ಜಿಕೊಂಡರು. ಅಂದು ಮಲಗುವ ಮುಂಚೆ ಸೀರೆ ಇನ್ನೂ ಎರಡು ಸಲ ಬಿಚ್ಚಿಕೊಂಡಿತು. ಬೆರ್ರಿಯೆಸಾದವನು ಅಷ್ಟರಲ್ಲಿ ತನ್ನ ಕಂಪನಿಯ ಕಥೆಯನ್ನು ಮುಳುಗಿದ ದಿನದವರೆಗೂ ಹೇಳಿ ಮುಗಿಸಿದ್ದ. ಕೊನೆಯ ಸಲ ದನಿ ಸಣ್ಣದಾಗಿತ್ತು, ಆದರೂ ಮಾತು ನಿಲ್ಲಿಸಲಿಲ್ಲ.

ಬೆಳಿಗ್ಗೆ ಧೂಳೆಬ್ಬಿಸಿಕೊಂಡು ವ್ಯಾನು ಬಂತು. ನಾಯಕರು ನನ್ನ ಕಡೆ ನೋಡಿದರು. "ಗ್ರೀನ್" ಅಂದೆ. ಅವರು ಅತ್ತೆಯ ಕಡೆ ನೋಡಿದರು. "ಹೂಂ, ಖರೇನ ಹೇಳಾಕತ್ತಾಳ" ಅಂದರು ಅತ್ತೆ. ನಾಯಕರು ತಲೆಯಾಡಿಸಿ ನೀರಿನ ಕ್ಯಾನು ಇಳಿಸಲು ಹೋದರು.

ಅವರ ಹೆಂಡತಿ ನನ್ನನ್ನು ನೋಡಿ ಒಳಗಿನಿಂದಲೇ ಬಗ್ಗಿ ಬಲಗಡೆಯ ಬಾಗಿಲು ತೆರೆದರು. "ಬನ್ನಿ. ನಿಮ್ಮವರು ಮೋಟೆಲಿಗೆ ಫೋನ್ ಮಾಡಿದ್ರು. ಮುಂದಿನ ಸೀಟು ಖಾಲಿ ಇಟ್ಕೊಂಡಿರಿ ಅಂದ್ರು."

ಸೀಟಿನ ಮೇಲೆ ಒಂದು ದಿಂಬು ಕೂಡ ಇಟ್ಟಿದ್ದರು. ನಾನು ಹೋಗಿ ನಿನ್ನೆಯ ಖಾಲಿ ಕ್ಯಾನನ್ನು ತಂದು, ಆ ದಿಂಬಿನ ಮೇಲೆ ಕೂರಿಸಿ, ಬೆಲ್ಟು ಎಳೆದು ಹಾಕಿ, ಬಾಗಿಲು ಮುಚ್ಚಿದೆ. ಆಮೇಲೆ ಹೊಸದಾಗಿ ತುಂಬಿಸಿದ ಚೀಲವನ್ನು ಬೆನ್ನಿಗೇರಿಸಿಕೊಂಡು, ನಳಿಗೆಯನ್ನು ಬಾಯಿಗಿಟ್ಟು, ಎಲ್ಲರ ಎದುರಿಗೇ ಹೊಟ್ಟೆ ತುಂಬ ನೀರು ಕುಡಿದೆ.